ಭಾವ ಈಜಿದ ನೀರು

ಬಾತಿ ಊರಿನ ಹತ್ತಿರದ ಅಕ್ಕನ ಮನೆಯ ಹಿತ್ತಲಲ್ಲಿ ಒಂದು ಸ್ವಿಮ್ಮಿಂಗ್ ಪೂಲ್ ಇತ್ತು. ಭಾವ ಹರಿಹರದವರು, ಹೊಳೆಯಲ್ಲಿ ಈಜಿ ಬೆಳೆದವರು. ಮನೆ ಕಟ್ಟಿಸುವಾಗ ಅಡುಗೆಮನೆಗಿಂತ ಮೊದಲು ಪೂಲಿನ ಗುಂಡಿ ತೋಡಿಸಿದರು ಅಂತ ಅಕ್ಕ ನಗುತ್ತಿದ್ದಳು. ದಿನಾ ಬೆಳಿಗ್ಗೆ ಅವರು ಈಜುವಾಗ, ನೀರೆಂದರೆ ಹೆದರುವ ಅಕ್ಕ ಟವೆಲ್ ಹಿಡಿದು ಅಂಚಿನಲ್ಲಿ ಕೂತಿರುತ್ತಿದ್ದಳು. ಹೋದ ಚಳಿಗಾಲದಲ್ಲಿ ಭಾವ ಹೃದಯಾಘಾತದಿಂದ ತೀರಿಕೊಂಡರು. ಆಮೇಲೆ ನೀರು ಸೋಸುವ ಪಂಪ್ ಹಾಕುವವರೇ ಇರಲಿಲ್ಲ.

ಬೇಸಿಗೆಯಲ್ಲಿ ಅಕ್ಕನ ಪಕ್ಕದ ಮನೆಯವರು ಫೋನ್ ಮಾಡಿದರು. "ಒಂದ್ಸಲ ಬಂದು ನೋಡ್ರಿ. ಸೊಳ್ಳೆ ಕಾಟ ಭಾಳ ಆಗೈತೆ. ನೀರು ತೆಗೆಸ್ರಿ ಅಂದ್ರೆ ನಿಮ್ಮಕ್ಕ ಮಾತೇ ಆಡಲ್ಲ."

ನಿಟ್ಟುವಳ್ಳಿಯ ನಮ್ಮ ಮನೆಯಿಂದ ಸ್ಕೂಟಿಯಲ್ಲಿ ಹೋದೆ. ಹಿತ್ತಲ ಬಾಗಿಲು ತೆಗೆದರೆ ನೀರೇ ಕಾಣಲಿಲ್ಲ. ದಪ್ಪ ಹಸಿರು ಪಾಚಿ, ಕಾಲಿಟ್ಟರೆ ನಡೆದುಹೋಗಬಹುದು ಅನ್ನುವ ಹಾಗೆ. ನಡುವೆ ಮಾತ್ರ ಮೆಟ್ಟಿಲಿಂದ ಆಚೆ ಗೋಡೆಯವರೆಗೆ ಪಾಚಿ ಸರಿದು, ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಕಪ್ಪು ನೀರು ಕಾಣುತ್ತಿತ್ತು. ನಾಯಿ ಬಿದ್ದಿರಬೇಕು ಅಂದುಕೊಂಡೆ. ಸಂಜೆಯ ಹೊತ್ತಿಗೆ ಆ ದಾರಿ ಮುಚ್ಚಿಹೋಗಿತ್ತು. ರಾತ್ರಿ ಅಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ದಾರಿ ಮತ್ತೆ ಬಿಟ್ಟುಕೊಂಡಿತ್ತು.

"ಇದೇನಕ್ಕ ಹಿಂಗೆ?" ಅಂದೆ.

"ಅದು ದಿನಾ ಹಂಗೇ," ಅಂದವಳೇ ನನ್ನ ತಟ್ಟೆಗೆ ಇನ್ನಷ್ಟು ಉಪ್ಪಿಟ್ಟು ಹಾಕಿದಳು. ಬಡಿಸುವ ಕೈಯ ಉಗುರುಗಳ ಸಂದಿಯಲ್ಲಿ ಹಸಿರಿತ್ತು. ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ.

ಅದರ ಮಾರನೆಯ ಬೆಳಿಗ್ಗೆ ಎದ್ದಾಗ ಪಕ್ಕದಲ್ಲಿ ಅಕ್ಕ ಇರಲಿಲ್ಲ. ಹಿತ್ತಲಿಗೆ ಹೋದೆ. ಹಸಿರಿನ ಮೇಲೆ ಅವಳ ತಲೆಯೊಂದೇ ಕಾಣುತ್ತಿತ್ತು. ಚೂರೂ ಸದ್ದಿಲ್ಲದೆ ಆ ತಲೆ ಆಚೆ ಗೋಡೆಯ ಕಡೆ ಸರಿಯುತ್ತಿತ್ತು. ಕೂಗಿದರೆ ಬೆಚ್ಚಿ ಕಾಲು ಜಾರಿಬಿಟ್ಟಾಳು ಅಂತ ಬಾಯಿಗೆ ಸೆರಗು ಒತ್ತಿಕೊಂಡು ನಿಂತೆ. ಗೋಡೆ ಮುಟ್ಟಿ ತಿರುಗಿದ ಅಕ್ಕ ನನ್ನನ್ನು ನೋಡಿದಳು. ಗಾಬರಿಯಾಗಲಿಲ್ಲ.

"ಇದು ಅವರು ಈಜಿದ ನೀರು," ಅಂದಳು. "ನಡುವೆ ಬೆಚ್ಚಗೈತೆ. ಬಾ, ಇಳಿದು ನೋಡು."

ಎಳೆಎಳೆಯಾಗಿ ಪಾಚಿ ಜೋತಾಡುತ್ತಿದ್ದ ಕೈಯನ್ನು ನನ್ನ ಕಡೆ ಚಾಚಿದಳು. ಅವಳನ್ನು ಒಬ್ಬಳನ್ನೇ ಅಲ್ಲಿ ಬಿಡಲು ಮನಸ್ಸಾಗದೆ ಇಳಿದೆ. ಮೆಟ್ಟಿಲು ಲೋಳೆಲೋಳೆ. ಕುತ್ತಿಗೆಯವರೆಗೆ ಬಂದ ನೀರಿನಲ್ಲಿ ಅವಳ ಕೈ ಹಿಡಿದು ನಡುವೆ ನಿಂತೆ.

"ಹೌದಲ್ಲ?" ಅಂದಳು, ಮುಖ ಹತ್ತಿರ ತಂದು.

"ಇಲ್ಲಕ್ಕ. ತಣ್ಣಗೈತೆ."

ಅವಳು ಮುಖ ಹಿಂದಕ್ಕೆ ಸರಿಸಿದಳು. ನಾನೇ ಅಂದೆ: "ನೀರು ಹೊರಗೆ ಬಿಡೋದು ಬ್ಯಾಡ. ಪಾಚಿ ಅಷ್ಟೇ ತೆಗೆಯಾನ." ಅವಳು ತಲೆಯಾಡಿಸಿದಳು.

ಪೇಟೆಯಿಂದ ಬ್ಲೀಚಿಂಗ್ ಪೌಡರ್, ಪಟಿಕ, ಉದ್ದ ಹಿಡಿಯ ಬ್ರಷ್ ತಂದೆ. ಮೇಲಿನ ಪಾಚಿಯನ್ನು ಬಲೆಯಲ್ಲಿ ಎತ್ತಿ ಹಾಕಿದೆವು. ಒದ್ದೆ ಕೂದಲಿನ ಹಾಗೆ ಭಾರ. ಪೌಡರ್ ಹಾಕಿ ಪಂಪ್ ಓಡಿಸಿದ ಮೇಲೆ ಉಳಿದ ಹಸಿರು ಬೂದಿ ಬಣ್ಣಕ್ಕೆ ತಿರುಗಿ ತಳಕ್ಕೆ ಇಳಿಯಿತು. ಗೋಡೆ ತಿಕ್ಕಿ ತಿಕ್ಕಿ ಇಬ್ಬರ ಅಂಗೈಯಲ್ಲೂ ಬೊಬ್ಬೆ ಬಂತು.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ತಳದ ನೀಲಿ ಟೈಲ್ಸ್ ಕಾಣಿಸಿತು. ಅಕ್ಕ ಅಂಚಿನಲ್ಲಿ ಮೊಣಕಾಲೂರಿ, ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಕಣ್ಣಾಡಿಸಿದಳು. ಏನೋ ಕಳೆದುಕೊಂಡವರು ಹುಡುಕುವ ಹಾಗೆ.

"ಇಲ್ಲ," ಅಂದಳು.

"ಏನಕ್ಕ?"

"ಹಸಿರಿದ್ದಾಗ ತಳ ಕಾಣ್ತಿರಲಿಲ್ಲ. ಅವರು ಅಲ್ಲಿ ಇದ್ದರೂ ಇರಬಹುದು ಅನ್ನಿಸ್ತಿತ್ತು." ಎದ್ದು ನಿಂತಳು. "ಬಿಟ್ಟುಬಿಡು ನೀರು."

ವಾಲ್ವ್ ತಿರುಗಿಸಿದೆ. ಒಳಗೆ ಬಂದು ಬಾಗಿಲು ಹಾಕಿಕೊಂಡು ಇಬ್ಬರೂ ಊಟಕ್ಕೆ ಕೂತೆವು. ನೀರು ಹೋಗುವ ಸದ್ದು ಅಲ್ಲಿಗೂ ಕೇಳುತ್ತಿತ್ತು. ಸಂಜೆ ಕೊನೆಯ ನೀರು ಪೈಪಿಗೆ ಇಳಿಯುವಾಗ, ಯಾರೋ ಉಸಿರು ಎಳೆದುಕೊಂಡ ಹಾಗೆ ಒಂದು ದೀರ್ಘ ಶಬ್ದ ಬಂತು. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅದು ನಿಂತ ಮೇಲೂ ಬಿಡಲಿಲ್ಲ.

"ಇನ್ನೊಂದಿನ ಇರ್ತೀಯೇನು?" ಅಂದಳು.

ಇದ್ದೆ.