ಕೆಳಗಿನ ಮನೆಯ ಕಾಕೂ, ನನ್ನ ಕಸೂತಿ ಮೆಷಿನ್

ಕಾಕೂ ಅವರ ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿ ಬೆಳೆದಿತ್ತು. ಹರೆಯದಲ್ಲಿ ಹೊಲಿಗೆ ಮೆಷಿನ್ನಿನ ಸೂಜಿ ಆ ಬೆರಳನ್ನು ತೂರಿಕೊಂಡು ಹೋಗಿತ್ತಂತೆ. ಮಾತಾಡುವಾಗ ಆ ಉಗುರನ್ನು ಹೆಬ್ಬೆರಳಿನಿಂದ ಸವರುತ್ತಿರುವುದು ಅವರ ಅಭ್ಯಾಸ.

ನಾಗಪುರದ ಧರಮಪೇಠದಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗೇ ಅವರ ಮನೆ. ರೈಲ್ವೆಯಲ್ಲಿದ್ದ ಗಂಡನ ಜೊತೆ ಗದಗಿನ ಕಡೆಯಿಂದ ಬಂದವರು, ಗಂಡ ತೀರಿಕೊಂಡ ಮೇಲೂ ಮಗನ ಸಂಸಾರದೊಂದಿಗೆ ಅಲ್ಲೇ ಉಳಿದಿದ್ದರು. ಚಿಕ್ಕಮ್ಮನನ್ನು ಕರೆಯುವ ಹಾಗೆ ನಾನು ಅವರನ್ನು ಕಾಕೂ ಎನ್ನುತ್ತಿದ್ದೆ.

ಆಗ ನಾನು ಮದುವೆಯಾಗಿ ಹಾವೇರಿಯಿಂದ ಹೋದ ಹೊಸತು. ನನ್ನ ಗಂಡನಿಗೆ ವಿಮಾನ ನಿಲ್ದಾಣದ ಬಳಿಯ ಮಿಹಾನ್‌ನಲ್ಲಿ ವಿಮಾನ ದುರಸ್ತಿಯ ಪಾಳಿ ಕೆಲಸ. ಕಂಪನಿಯ ಕ್ಯಾಬ್ ಬಂದು ಅವರನ್ನು ಕರೆದೊಯ್ದರೆ ಮನೆಯಲ್ಲಿ ಉಳಿಯುವುದು ನಾನು ಮತ್ತು ತವರಿನವರು ಕೊಡಿಸಿದ ಕಸೂತಿ ಮೆಷಿನ್. ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ತರಕಾರಿಯನ್ನೂ ಬೆರಳು ತೋರಿಸಿಯೇ ಕೊಂಡು ಬರುತ್ತಿದ್ದೆ. ಒಂದು ಮಧ್ಯಾಹ್ನ ಮೆಷಿನ್ ಕಟಕಟ ಸದ್ದು ಮಾಡಿ, ಬಟ್ಟೆಯ ಅಡಿಯಲ್ಲಿ ದಾರವನ್ನೆಲ್ಲ ಗಂಟು ಹಾಕಿ ನಿಂತೇಬಿಟ್ಟಿತು. ಗಟ್ಟಿಯಾಗಿ ಅದನ್ನು ಬೈಯುತ್ತಿದ್ದಾಗ ಯಾರೋ ಬಾಗಿಲು ಬಡಿದರು.

“ಬೈಗಳ ಕೇಳಿ ಬಂದೆ ನೋಡವಾ,” ಎಂದರು ಹೊಸ್ತಿಲಲ್ಲಿ ನಿಂತಿದ್ದ ಕಾಕೂ. “ಕನ್ನಡ ಕಿವಿಗೆ ಬಿದ್ದು ಎಷ್ಟ ದಿನಾ ಆಗಿತ್ತು. ಏನಾಗೈತಿ, ತೋರಸು.”

ಮೊದಲು ಪ್ಲಗ್ ಕೀಳಿಸಿದರು. ಸೂಜಿ ಬಿಚ್ಚಿ, ಅದರ ಕೆಳಗಿನ ತಗಡು ಎತ್ತಿ, ಅಡಿದಾರ ಸುತ್ತಿದ ಬಾಬಿನ್ ಕೂರುವ ಗೂಡನ್ನು ಹೊರತೆಗೆದರು. ಒಳಗೆ ನೂಲಿನ ಧೂಳು ಕಂಬಳಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ನಾನು ಊದಲು ಬಗ್ಗಿದೆ. ಕಾಕೂ ಕೈ ಅಡ್ಡ ಇಟ್ಟರು.

“ಊದಬ್ಯಾಡ. ಬಾಯಾಗಿನ ಹಸಿ ಹೋಗಿ ಕಬ್ಬಿಣಕ್ಕ ಜಂಗ ಹಿಡಿತೈತಿ. ಬ್ರಶ್ ತಾ.”

ಧೂಳೆಲ್ಲ ಹೊರಗೆಳೆದು, ಒಂದೇ ಹನಿ ಎಣ್ಣೆ ಬಿಟ್ಟು, ಬಿಚ್ಚಿದ್ದನ್ನೆಲ್ಲ ಜೋಡಿಸಿ, ಎಣ್ಣೆಯ ಕಲೆ ಬೀಳುವುದು ನಿಲ್ಲುವವರೆಗೆ ಹಳೆಯ ಬಟ್ಟೆಯ ಮೇಲೆ ಹೊಲಿಸಿದರು.

ಆಮೇಲೆ ಗುರುವಾರ ಗುರುವಾರ ಅವರು ಬಂದು ಮೆಷಿನ್ ಬಿಚ್ಚುವುದು ರೂಢಿಯಾಯಿತು. ಬ್ರಶ್ ಆಡಿಸುತ್ತಲೇ ನನಗೆ ಮರಾಠಿ ಹೇಳಿಕೊಡುತ್ತಿದ್ದರು. ಒಮ್ಮೆ ಜ್ವರ ಬಂದು ವಾರವಿಡೀ ನಾನು ಮೆಷಿನ್ ಮುಟ್ಟಿರಲಿಲ್ಲ. ಕಾಕೂ ತಗಡು ಎತ್ತಿದರೆ ಒಳಗೆ ಲೋಹ ಫಳಫಳ ಹೊಳೆಯುತ್ತಿತ್ತು. ಇಬ್ಬರೂ ಅದನ್ನು ನೋಡಿದೆವು. ಅವರು ಬ್ರಶ್ ತೆಗೆದುಕೊಂಡು, ಇಲ್ಲದ ಧೂಳನ್ನು ಸಾವಕಾಶವಾಗಿ ತೆಗೆಯತೊಡಗಿದರು.

“ಮನ್ಯಾಗ ಎಲ್ಲಾರೂ ಚಲೋ ಅದಾರ,” ಎಂದರು ತಲೆ ಎತ್ತದೆ. “ಸೊಸಿ ಬಂಗಾರದಂಥಾಕಿ, ಮರಾಠಿ ಹುಡುಗಿ. ಮಗಗ ಕನ್ನಡ ಮರತ ಹೋಗೈತಿ. ಮುಂಜಾನೆ ಎದ್ದ ಕೂಡ್ಲೆ ಬಿದ್ದ ಕನಸು ಯಾರಿಗರೆ ಹೇಳಬೇಕನಸತೈತಿ. ಮರಾಠಿಗೆ ತಿರುವೂದ್ರಾಗ ಕನಸು ಹಾರಿ ಹೋಗಿರತೈತಿ.”

ನಾನು ಚಹಾ ಇಡಲು ಎದ್ದೆ.

ಕೆಲವು ವರ್ಷಗಳ ಮೇಲೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಹೋದ ಮಾತು ಮರಳಿತು, ಆದರೆ ಕನ್ನಡವಷ್ಟೇ ಮರಳಿತು. ನಾಗಪುರಕ್ಕೆ ಬಂದಾಗಿನಿಂದ ಆಡಿದ ಮರಾಠಿ ಅಳಿಸಿಹೋಗಿತ್ತು. ಆಯಿ, ಅಂದರೆ ತಾಯಿ, ಏನನ್ನುತ್ತಾಳೋ ತಿಳಿಯುತ್ತಿಲ್ಲವೆಂದು ಅವರ ಮಗ ಬಂದು ನನ್ನನ್ನು ಆಸ್ಪತ್ರೆಗೆ ಕರೆದೊಯ್ದರು. ದಿನವೂ ಹೋದೆ. ಕಾಲು ಸೆಳೆಯುತ್ತದೆ, ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ಕಾಕೂ ಹೇಳಿದ್ದನ್ನು, ಕಾಕೂ ಕಲಿಸಿದ ಮುರುಕು ಮರಾಠಿಯಲ್ಲಿ ನರ್ಸಿಗೂ ಮಗನಿಗೂ ತಿಳಿಸುತ್ತಿದ್ದೆ.

ಒಂದು ಸಂಜೆ ಕಾಕೂ ಮಗನನ್ನೇ ನೋಡುತ್ತ ನನಗೆ ಹೇಳಿದರು: “ಅವಗ ಹೇಳು, ಕುಂತು ಉಣ್ಣಂತ. ಇಲ್ಲಿ ಬಂದಾಗಿಂದ ನಿಂತುಕೊಂಡ ಉಣ್ಣಾಕತ್ತಾನ.”

ನಾನು ಹೇಳಿದೆ. ಮಗ ಸ್ಟೂಲು ಎಳೆದುಕೊಂಡು, ತಾಯಿಗೆ ಕಾಣುವ ಹಾಗೆ ಕೂತು ಡಬ್ಬಿ ತೆರೆದರು. ಒಂದು ತುತ್ತು ಬಾಯಿಗೆ ಹೋಯಿತು. ಎರಡನೆಯದು ಕೈಯಲ್ಲೇ ಉಳಿಯಿತು.

ಕಾಕೂ ಮನೆಗೆ ಬರಲಿಲ್ಲ. ನನ್ನ ಗಂಡ ಪಾಳಿಗೆ ಹೊರಟುಹೋದ ಒಂದು ಬೆಳಿಗ್ಗೆ ಮಗ ಮೆಟ್ಟಿಲು ಹತ್ತಿ ಬಂದು, ಆಯಿ ಇನ್ನಿಲ್ಲವೆಂದು ಮರಾಠಿಯಲ್ಲಿ ಹೇಳಿದರು. ಅಂಥ ಹೊತ್ತಿನಲ್ಲಿ ಆಡಬೇಕಾದ ಮಾತನ್ನು ಕಾಕೂ ನನಗೆ ಕಲಿಸಿರಲಿಲ್ಲ. ಕನ್ನಡದಲ್ಲೇ ಏನೇನೋ ಹೇಳಿದೆ. ತಿಳಿಯದಿದ್ದರೂ ತಾಯಿಯ ಆ ಭಾಷೆಯನ್ನು ಅವರು ಬಾಗಿಲ ಚೌಕಟ್ಟು ಹಿಡಿದು ಪೂರ್ತಿ ಕೇಳಿಸಿಕೊಂಡರು. ನನ್ನ ಮಾತು ಮುಗಿದ ಮೇಲೂ ಬಹಳ ಹೊತ್ತು ಇಳಿದು ಹೋಗಲಿಲ್ಲ.