ಎಲ್ವಿರಾ ಕೂತು ಉಂಡ ಭಾನುವಾರ

ನೇರಿಯೊನ ತಾಯಿ ಎಲ್ವಿರಾಳನ್ನು ಸೊಸೆಯಾಗಿ ಒಪ್ಪಿದ್ದು ಅವಳ ಕಿರುಬೆರಳು ನೋಡಿ. ಇಟಲಿಯ ಬೊಲೊನ್ಯಾದಲ್ಲಿ ಟೊರ್ಟೆಲ್ಲಿನಿಯನ್ನು, ಎಂದರೆ ಮಾಂಸದ ಹೂರಣ ತುಂಬಿದ ಪುಟಾಣಿ ಕಡುಬನ್ನು, ಕಿರುಬೆರಳಿಗೆ ಸುತ್ತಿ ಮಡಿಸುತ್ತಾರೆ. ಬೆರಳು ಸಣ್ಣಗಿದ್ದಷ್ಟೂ ಕಡುಬು ಸಣ್ಣ, ಕಡುಬು ಸಣ್ಣಗಿದ್ದಷ್ಟೂ ಮನೆತನಕ್ಕೆ ದೊಡ್ಡ ಹೆಸರು. ಹುಡುಗಿ ಕೈ ಚಾಚಿದಳು, ಅತ್ತೆ ಬೆರಳು ಹಿಡಿದು ನೋಡಿದರು, ಮದುವೆ ನಿಶ್ಚಯವಾಯಿತು. ನೇರಿಯೊನ ಬೆರಳನ್ನು ಯಾರೂ ನೋಡಲಿಲ್ಲ.

ಅಂದಿನಿಂದ ನಲವತ್ತೊಂದು ವರ್ಷ ಅವಳಿಗೆ ಭಾನುವಾರವೆಂದರೆ ಬೆಳಗಿನ ಆರು ಗಂಟೆ, ಹಿಟ್ಟಿನ ಹಲಗೆ, ಮಾರುದ್ದದ ಲಟ್ಟಣಿಗೆ, ಸಾರಿಗಾಗಿ ಕುದಿಯುವ ಕೋಳಿ. ವಾರದ ಉಳಿದ ದಿನ ಆಸ್ಪತ್ರೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಕೆಲಸ. ಅದರಿಂದ ನಿವೃತ್ತಿ ಸಿಕ್ಕಿತು, ಹಲಗೆಯಿಂದ ಸಿಗಲಿಲ್ಲ.

ನೇರಿಯೊ ಗಾರೆ ಕೆಲಸದವನು. ಊರಿನ ಬೀದಿಗಳುದ್ದಕ್ಕೂ ಇರುವ ಕಮಾನು ಮೊಗಸಾಲೆಗಳ ರಿಪೇರಿಯಲ್ಲೇ ಆಯಸ್ಸು ಸವೆಸಿದವನು. ಕೆಲಸ ಬಿಟ್ಟ ಮೇಲೆ ಊರು ನೋಡಲು ಬಂದವರನ್ನು ಕಂಬದಿಂದ ಕಂಬಕ್ಕೆ ಸುತ್ತಾಡಿಸಿ, ಕೊನೆಗೆ "ಊಟ ನಮ್ಮನೇಲೇ" ಎಂದುಬಿಡುತ್ತಿದ್ದ. ಪ್ರೀತಿಯ ಮನುಷ್ಯ. ಅವನ ಲೆಕ್ಕದಲ್ಲಿ ತಟ್ಟೆಗಳು ತಮ್ಮನ್ನು ತಾವೇ ತೊಳೆದುಕೊಳ್ಳುತ್ತಿದ್ದವು.

ಟೊರ್ಟೆಲ್ಲಿನಿಯನ್ನು ಒಲೆಯಿಂದ ಇಳಿದ ಗಳಿಗೆಯಲ್ಲೇ ತಿನ್ನಬೇಕು. ಎಲ್ವಿರಾ ಎಲ್ಲರಿಗೂ ಬಡಿಸಿ, ಚೀಸ್ ತಂದು, ಬ್ರೆಡ್ ಕೊಯ್ದು, ಕೇಳಿದವರಿಗೆ ಇನ್ನೊಂದು ಸೌಟು ಹಾಕಿ ಕೂರುವ ಹೊತ್ತಿಗೆ ಅವಳ ಬಟ್ಟಲಿನವು ಸಾರು ಕುಡಿದು ಊದಿಕೊಂಡಿರುತ್ತಿದ್ದವು. ಬೆಂದಿದೆಯೇ ಎಂದು ಒಂದನ್ನು ಕಚ್ಚಿ ನೋಡುವುದುಂಟು. ಅದು ಪರೀಕ್ಷೆ, ಊಟವಲ್ಲ.

ಕಳೆದ ನವೆಂಬರಿನ ಒಂದು ಭಾನುವಾರ ಫ್ರಾನ್ಸಿನ ಲಿಯೋನ್‌ನಿಂದ ಐವರು ಬಂದರು. ಅವರಲ್ಲಿ ಬೆರ್ತ್ ಎಂಬ ನಿವೃತ್ತ ಮೇಷ್ಟರಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ತಡವರಿಸುವ ಇಟಾಲಿಯನ್‌ನಲ್ಲಿ ಬಹಳ ಕೇಳಿದಳು. ಹಿಟ್ಟಿಗೆ ಮೊಟ್ಟೆ ಎಷ್ಟು, ಸಾರು ಎಷ್ಟು ಹೊತ್ತು. ಎಲ್ವಿರಾ ಕೈ ನಿಲ್ಲಿಸದೆ ಉತ್ತರ ಕೊಟ್ಟಳು. ಕೊನೆಗೆ ಬೆರ್ತ್ ಕೇಳಿದಳು:

"ನಿಮಗೆ ಇದನ್ನ ಹೇಗೆ ತಿಂದ್ರೆ ಇಷ್ಟ?"

"ಬಿಸಿಬಿಸಿಯಾಗಿ ತಿಂದ್ರೇ ಚೆನ್ನಂತೆ," ಎಂದಳು ಎಲ್ವಿರಾ.

ಆ 'ಅಂತೆ' ಅವಳ ಕಿವಿಗೇ ಚುಚ್ಚಿತು. ತಾನು ಮಾಡಿದ್ದರ ರುಚಿಯನ್ನು ತಾನೇ ಕೇಳಿದ ಸುದ್ದಿಯಂತೆ ಹೇಳುತ್ತಿದ್ದೇನಲ್ಲ! ಇವತ್ತು ತಿಂದೇ ತೀರಬೇಕು ಎಂದುಕೊಂಡಳು. ಏಳನೆಯ ಬಟ್ಟಲನ್ನೂ ಉಳಿದವುಗಳ ಜೊತೆಗೇ ತುಂಬಿಸಿ, ಮೇಜಿಗೆ ತಂದು, ಏಪ್ರನ್ ಕಳಚಿ ಕೂತಳು.

ನೇರಿಯೊ ಮೇಜಿನ ಮೇಲೆಲ್ಲ ಕಣ್ಣಾಡಿಸಿದ. "ಎಲ್ವಿರಾ, ಚೀಸ್ ಎಲ್ಲಿ?"

"ಅಡುಗೆಮನೇಲಿದೆ."

ಅವನು ಕಾದ. ಅವಳು ಚಮಚ ಎತ್ತಿಕೊಂಡಳು.

"ಯಾಕೆ, ಮೈ ಹುಷಾರಿಲ್ವಾ?"

"ಚೆನ್ನಾಗೇ ಇದೀನಿ. ಏಳುನೂರು ವರ್ಷದ ಕಂಬ ಎಲ್ಲಿದೆ ಅಂತ ಲೋಕಕ್ಕೆಲ್ಲ ತೋರಿಸ್ತೀಯ, ನಿನ್ನ ಮನೆ ಕಪಾಟು ನಿನಗೆ ಕಾಣಲ್ವಾ?"

ಬೆರ್ತ್ ಬಟ್ಟಲಿನೊಳಕ್ಕೇ ನಕ್ಕಳು. ನೇರಿಯೊ ಎದ್ದು ಹೋದ. ಒಳಗಿನಿಂದ ಒಂದೊಂದೇ ಡ್ರಾಯರ್ ಎಳೆಯುವ ಸದ್ದು, ಏನೋ ಬಿದ್ದ ಸದ್ದು, ಆಮೇಲೆ ತುರಿಯುವ ಮಣೆ ಎಲ್ಲಿದೆ ಎಂಬ ಕೂಗು. ಎಲ್ವಿರಾಳ ಕಾಲು ತಾನಾಗಿಯೇ ನೆಲ ಒತ್ತಿತು. ಅಷ್ಟರಲ್ಲಿ ಬಾಯಿ ತುಂಬಿತ್ತು. ಎಡಗಡೆ ಎಂದು ಚಮಚದಿಂದ ಗೋಡೆಗೆ ಸನ್ನೆ ಮಾಡಿದಳು. ಗೋಡೆಯಾಚೆ ಅದು ಅವನಿಗೆ ಕಾಣುವಂತಿರಲಿಲ್ಲ.

ಹಿಟ್ಟು ಹಲ್ಲಿಗೆ ಹಿತವಾಗಿ ತಡೆದು ಬಿಟ್ಟುಕೊಡುತ್ತಿತ್ತು. ಬಿಸಿ ಗಂಟಲಿಳಿದು ಎದೆಯಲ್ಲಿ ಹರಡಿತು. ಐದನೆಯ ಚಮಚಕ್ಕೆ ಮೂಗಿಗೆ ಏನೋ ಅಡರಿತು. ಎಲ್ವಿರಾ ನಿಧಾನವಾಗಿ ಅಗಿದಳು, ಮತ್ತೊಂದು ತಿಂದು ಖಚಿತಪಡಿಸಿಕೊಂಡಳು. ಅಷ್ಟು ಹೊತ್ತಿಗೆ ನೇರಿಯೊ ಚೀಸ್ ಹಿಡಿದು ಗೆದ್ದವನಂತೆ ಬಂದ.

"ನೇರಿಯೊ," ಎಂದಳು, "ನಲವತ್ತು ವರ್ಷದಿಂದ ಇದಕ್ಕೆ ಜಾಯಿಕಾಯಿ ಜಾಸ್ತಿ ಹಾಕ್ತಿದೀನಿ. ಒಂದು ದಿನಾನೂ ಹೇಳಲಿಲ್ಲವಲ್ಲೋ ನೀನು!"

"ನಂಗೆ ಹಾಗೇ ಇಷ್ಟ," ಎಂದ ಅವನು.

"ನಂಗಲ್ಲ," ಎಂದು ಅವಳು ಬಟ್ಟಲು ಖಾಲಿ ಮಾಡಿದಳು.