ಗಿಲಾಸು ಹಿಡಿದ ಕೈ

ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಹೇಳಬೇಕಾದ ಹೊತ್ತಿನಲ್ಲಿ ಅಕ್ಕ ನನ್ನ ಎದುರಿಗೇ ಕುಳಿತಿದ್ದಳು. ನಾನು ಮಾಡಿಕೊಟ್ಟ ಚಹಾ ಅವಳ ಕೈಯಲ್ಲಿತ್ತು. ಅವಳು ಕೇಳಿದಳು, ನಾನು ಗೊತ್ತಿಲ್ಲ ಎಂದುಬಿಟ್ಟೆ. ಆಮೇಲೆ ಎರಡು ಬೇಸಿಗೆ ಬಂದು ಹೋದವು.

ಮೊನ್ನೆ ಕಮತಗಿಯಿಂದ ಅಕ್ಕ ಕಳಿಸಿದ ಡಬ್ಬಿ ಬಂತು. ಮುಚ್ಚಳ ತೆಗೆದೆ. ಹುರಿದ ಕೊತ್ತಂಬರಿ ಕಾಳು, ಒಣಕೊಬ್ಬರಿ, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ ಎಲ್ಲ ಸೇರಿದ ಮಸಾಲೆ ಖಾರದ ವಾಸನೆ ಪಡಸಾಲೆಯ ತನಕ ಹೋಯಿತು. ಸೀನು ಬಂತು, ಕಣ್ಣಲ್ಲಿ ನೀರೂ ಬಂತು. ಎರಡಕ್ಕೂ ಖಾರವೇ ಕಾರಣ ಅಂತ ಗಂಡನಿಗೆ ಹೇಳಿದೆ. ನಿಮಗೆ ಹಾಗೆ ಹೇಳಲು ಮನಸ್ಸಾಗುವುದಿಲ್ಲ.

ಆ ಡಬ್ಬಿಯ ಮೈಮೇಲೆ ಯಾವುದೋ ಕಂಪನಿಯ ಹೆಸರಿದೆ. ಮಕ್ಕಳು ಹಾಲಿಗೆ ಹಾಕಿಕೊಂಡು ಕುಡಿಯುವ ಪುಡಿಯ ಡಬ್ಬಿ ಅದು. ಪುಡಿ ಯಾವ ಕಾಲಕ್ಕೋ ಮುಗಿದು, ಅಕ್ಷರ ಅರ್ಧ ಅಳಿಸಿಹೋಗಿವೆ. ನಮ್ಮ ತವರುಮನೆ ಶಿರೂರಿನಲ್ಲೂ ಇಂಥ ಡಬ್ಬಿಗಳಿದ್ದವು. ಡಬ್ಬಿ ಕಂಪನಿಯದು, ಒಳಗಿನ ಮಾಲು ಸಂತೆಯ ಲೂಜು. ಬೀಗರು ಬಂದರೆ ಅವ್ವ ಡಬ್ಬಿಯ ಹೆಸರು ಅವರ ಕಡೆಗೆ ತಿರುಗಿಸಿಟ್ಟು ಚಹಾಪುಡಿ ತೆಗೆಯುತ್ತಿದ್ದಳು.

ನಮ್ಮ ಕಡೆ 'ಕಂಪನಿ' ಎಂಬುದು ಒಂದು ಗುಣದ ಹೆಸರು. ಗಾಳಿಗೆ ಮಗುಚದ ಛತ್ರಿ ಕಂಪನಿಯದು. ಬೇಗ ಹರಿದ ಚಪ್ಪಲಿ ಲೋಕಲ್. ಹೇಳಿದ ಮಾತಿಗೆ ನಿಂತ ಅಳಿಯನನ್ನು "ಕಂಪನಿ ಮಾಲ್ರಿ ನಮ್ಮ ಅಳ್ಯಾ" ಎಂದು ಹೊಗಳಿದ್ದನ್ನೂ ಕೇಳಿದ್ದೇನೆ. ನಾನು ಐದನೇ ಇಯತ್ತೆಗೆ ಸಾಲಿ ಬಿಟ್ಟವಳು. ಅಕ್ಕ ನೀಲವ್ವ ಸಾಲಿಯ ಕಟ್ಟೆಯನ್ನೂ ಹತ್ತಲಿಲ್ಲ, ನನ್ನನ್ನು ಎತ್ತಿಕೊಂಡು ತಿರುಗುವುದೇ ಅವಳ ಸಾಲಿಯಾಗಿತ್ತು. ಕಲಿತದ್ದು ಕಡಿಮೆ ಇದ್ದುದಕ್ಕೋ ಏನೋ, ನಾನು ಈ 'ಕಂಪನಿ' ಎಂಬ ಮಾತನ್ನು ಬಿಗಿಯಾಗಿ ಹಿಡಿದುಕೊಂಡೆ.

ಚಿಕ್ಕವಳಿದ್ದಾಗ ನನಗೊಮ್ಮೆ ಜ್ವರ ಬಂತು. ಕಂಪನಿ ಬಿಸ್ಕೀಟು ಬಿಟ್ಟು ಬೇರೇನೂ ತಿನ್ನುವುದಿಲ್ಲ ಎಂದು ಹಟ ಹಿಡಿದೆ. ಅಕ್ಕ ಪಾಕೀಟು ತಂದು ಒಂದೊಂದೇ ಬಿಸ್ಕೀಟು ಚಹಾದಲ್ಲಿ ಅದ್ದಿ ತಿನ್ನಿಸಿದಳು. "ಕಂಪನಿದು ಅಂದ್ರ ಹಿಂಗ ಇರಬೇಕ ನೋಡು" ಎಂದು ನಾನು ಹಾಸಿಗೆಯಲ್ಲೇ ತೀರ್ಪು ಕೊಟ್ಟೆ. ಎಷ್ಟೋ ವರ್ಷದ ಮೇಲೆ ಅವಳ ಮದುವೆಯ ಹಂದರದಲ್ಲಿ, ಎಲ್ಲರ ಮುಂದೆ, ಅವಳು ನಗುತ್ತ ಹೇಳಿದಳು: "ಅದು ಬೇಕರಿದಬೇ. ಕಸದಾಗ ಬಿದ್ದಿದ್ದ ಪಾಕೀಟು ಒರಸಿ ಅದರಾಗ ತುಂಬಿದ್ನಿ. ಪಾಕೀಟು ನೆಕ್ಕಿ ಜ್ವರಾ ಇಳಿಸ್ಕೊಂಡಾಕಿ ನೀ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಪಾಠ ಕಲಿಯಲಿಲ್ಲ. ಕಲಿತಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಮದುವೆಯಾಗಿ ನಾನು ಬಾಗಲಕೋಟೆಗೆ ಬಂದೆ, ಅಕ್ಕ ಕಮತಗಿಗೆ ಹೋದಳು. ನವನಗರದಲ್ಲಿ ನಮ್ಮ ಮನೆಯ ಹತ್ತಿರವೇ ದೊಡ್ಡ ಅಂಗಡಿಯೊಂದು ತೆರೆಯಿತು. ತಳ್ಳುವ ಬುಟ್ಟಿ, ತಣ್ಣನೆಯ ಗಾಳಿ, ಯಾರೂ ಏನು ಬೇಕು ಅಂತ ಕೇಳದ ಸಾಲುಗಳು. ಅಲ್ಲಿ ಕಂಪನಿ ಮಾಲಿನ ಪಕ್ಕದಲ್ಲೇ ಅಂಗಡಿಯ ಸ್ವಂತ ಹೆಸರಿನ ಮಾಲೂ ಇತ್ತು, ಅದೂ ಅಗ್ಗಕ್ಕೆ. ತೊಗರಿಬೇಳೆಗೆ ಅದೇ ಹೆಸರು, ಬೆಲ್ಲಕ್ಕೆ ಅದೇ ಹೆಸರು, ಊದಿನಕಡ್ಡಿಗೂ ಅದೇ ಹೆಸರು. ಒಂದೇ ತಾಯಿಯ ಹೊಟ್ಟೆಯಲ್ಲಿ ಬೇಳೆಯೂ ಫಿನಾಯಿಲೂ ಹುಟ್ಟಿದರೆ ನಂಬುವುದು ಹೇಗೆ, ನೀವೇ ಹೇಳಿ.

ನಾನಂತೂ ನಂಬಲಿಲ್ಲ. ಅಂಗಡಿಯ ಪಾಕೀಟನ್ನು ಅಲ್ಲಾಡಿಸಿ ಸಪ್ಪಳ ಕೇಳುತ್ತಿದ್ದೆ. ಬೆಳಕಿಗೆ ಹಿಡಿಯುತ್ತಿದ್ದೆ. ಪ್ಲಾಸ್ಟಿಕ್ಕಿನ ಮೇಲಿನಿಂದಲೇ ಮೂಸಿ ನೋಡಿ, ಮೊದಲಿದ್ದ ಜಾಗದಲ್ಲಿಟ್ಟು, ಪಕ್ಕದ ಕಂಪನಿ ಪಾಕೀಟು ಎತ್ತಿಕೊಳ್ಳುತ್ತಿದ್ದೆ. ಅದನ್ನು ಮಾತ್ರ ಎಂದೂ ಮೂಸಲಿಲ್ಲ. ಗಂಡ ಬುಟ್ಟಿ ಹಿಡಿದುಕೊಂಡು ನಿಂತಲ್ಲೇ ಅನ್ನುತ್ತಿದ್ದರು: "ನಾ ನಿನ್ನ ನೋಡಾಕ ಬಂದಾಗ ನೀ ನನ್ನ ಇಷ್ಟು ಅಲ್ಲಾಡಿಸಿ ನೋಡಿದ್ರ ನಮ್ಮ ಮದಿವಿನ ಆಗ್ತಿರಲಿಲ್ಲ ನೋಡು."

ಪಕ್ಕದ ಮನೆಯ ಶಕುಂತಲಾ ಟೀಚರು ಒಂದು ಮಧ್ಯಾಹ್ನ ಎಣ್ಣೆಗಾಯಿ ಪಲ್ಯ ಕಳಿಸಿದರು. ಬದನೆಕಾಯಿಯ ಒಳಗೆ ಇಳಿದ ಆ ಮಸಾಲೆಗೆ ನಾನು ರೊಟ್ಟಿಯ ಮೇಲೆ ರೊಟ್ಟಿ ತಿಂದೆ. ಭಾಂಡೆ ವಾಪಸ್ ಕೊಡಲು ಹೋದಾಗ ಅವರ ಕಟ್ಟೆಯ ಮೇಲೆ ಓಣಿಯ ಹೆಂಗಸರು ಕುಳಿತಿದ್ದರು.

"ಪಲ್ಯ ಭಾಳ ರುಚಿ ಆಗಿತ್ರಿ ಟೀಚರ್, ಯಾವ ಖಾರ ಹಾಕಿದ್ರಿ?"

"ಆ ದೊಡ್ಡ ಅಂಗಡೀದ್ರಿ. ಅವರದ ಹೆಸರಿನ ಪಾಕೀಟು" ಎಂದು ಟೀಚರು ಒಳಗಿನಿಂದ ತಂದು ತೋರಿಸಿದರು.

ಪಾಕೀಟು ಕಂಡದ್ದೇ ತಡ, ತಿಂದ ಪಲ್ಯದ ರುಚಿ ನನ್ನ ಬಾಯಲ್ಲಿ ಬದಲಾಯಿತು. ಹಲ್ಲಿನ ಸಂದಿಯಲ್ಲಿ ಮರಳು ಇದ್ದಂತೆ ಅನಿಸತೊಡಗಿತು. ಅದೇ ವಾರ ಯಾರೋ ಫೋನಿನಲ್ಲಿ ಕಳಿಸಿದ್ದನ್ನು ನೋಡಿದ್ದೆ: ಖಾರದಪುಡಿಯನ್ನು ನೀರಿಗೆ ಹಾಕಿದರೆ ಒಳ್ಳೆಯದು ತೇಲುತ್ತದೆ, ಇಟ್ಟಂಗಿ ಪುಡಿ, ಅಂದರೆ ಇಟ್ಟಿಗೆಯ ಪುಡಿ, ಕಲಸಿದ್ದು ತಳಕ್ಕೆ ಕೂಡುತ್ತದೆ.

"ಒಂದು ಗಿಲಾಸು ನೀರು ತರ್ರಿ" ಅಂದೆ.

ಹಾಕಿದೆ. ಖಾರ ಉಂಡೆ ಉಂಡೆಯಾಗಿ ನೇರ ತಳಕ್ಕೆ ಇಳಿಯಿತು. ನೀರೆಲ್ಲ ಕೆಂಪಾಯಿತು. ತಳದಲ್ಲಿ ಹರಳು ಹರಳಾಗಿ ಏನೋ ಕೂತಿತು. ಗಿಲಾಸನ್ನು ಎತ್ತಿ ಬಿಸಿಲಿಗೆ ಹಿಡಿದೆ. ಒಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡು ಥೂ ಎಂದು ಉಗುಳಿದೆ. "ನೋಡ್ರಿ, ಇಟ್ಟಂಗಿ ಪುಡಿ! ಬಣ್ಣ ಬ್ಯಾರೆ ಬಿಡಾಕತ್ತೈತಿ. ಇದನ್ನ ಮಕ್ಕಳಿಗೆ ಹಾಕ್ತೀರೇನ್ರಿ?" ಟೀಚರ ಸೊಸೆ ಫೋನು ಹಿಡಿದು ವಿಡಿಯೋ ಮಾಡಿಕೊಂಡಳು. ಅದರಲ್ಲಿ ನನ್ನ ಮುಖ ಬರಲಿಲ್ಲ. ಗಿಲಾಸು, ಅದನ್ನು ಹಿಡಿದ ಕೈ, ಮತ್ತು ಗಲಾಟೆಯ ನಡುವೆ ಯಾರದೆಂದು ತಿಳಿಯದ ಒಂದು ದನಿ, ಇಷ್ಟೇ. ಸಂಜೆಯೊಳಗೆ ಅದು ನವನಗರದ ಎಲ್ಲ ಹೆಂಗಸರ ಫೋನಿಗೂ ಹೋಗಿತ್ತು. ನನಗೆ ಒಳಗೊಳಗೆ ಹೆಮ್ಮೆ.

ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ನೀವು ನಮ್ಮ ಕಡೆಯವರಾಗಿದ್ದರೆ ಆಗಲೇ ಹಣೆ ಚಚ್ಚಿಕೊಂಡಿರುತ್ತೀರಿ. ಬರೀ ಮೆಣಸಿನಪುಡಿ ಬೇರೆ, ಮಸಾಲೆ ಖಾರ ಬೇರೆ. ಮಸಾಲೆ ಖಾರಕ್ಕೆ ಕುಟ್ಟುವಾಗಲೇ ಎಣ್ಣೆ ಹಾಕುತ್ತೇವೆ, ಹರಳುಪ್ಪು ಹಾಕುತ್ತೇವೆ, ಹುರಿದ ಕಾಳು, ಕೊಬ್ಬರಿ ಹಾಕುತ್ತೇವೆ. ಅದು ಉಂಡೆ ಕಟ್ಟದೆ, ತಳಕ್ಕೆ ಇಳಿಯದೆ ಇನ್ನೇನು ಮಾಡೀತು? ಇದು ನನಗೆ ತಿಳಿಯದ ವಿಷಯವೇ? ಶಿರೂರಿನ ಮನೆಯ ಒರಳಿನ ಎರಡು ಬದಿಗೆ ನಿಂತು ಅಕ್ಕ ಒಂದು ಒನಕೆ, ನಾನೊಂದು ಒನಕೆ ಹಿಡಿದು ಪ್ರತಿ ಬೇಸಿಗೆ ಖಾರ ಕುಟ್ಟಿದವರು. ಒಮ್ಮೆ ಒರಳ ಅಂಚಿಗೆ ಬಂದ ಕಾಳನ್ನು ಒಳಗೆ ನೂಕಲು ನಾನು ಕೈ ಹಾಕಿದೆ, ಅಕ್ಕನ ಒನಕೆ ಕಿರುಬೆರಳಿನ ಮೇಲೆ ಬಿತ್ತು. ಆ ಬೆರಳು ಇವತ್ತಿಗೂ ಸೊಟ್ಟ. ಏನು ಹಿಡಿದರೂ ಅದೊಂದು ದೂರ ನಿಲ್ಲುತ್ತದೆ. ಅಷ್ಟಿದ್ದೂ ಅಂಗಡಿಯ ಹೆಸರಿನ ಪಾಕೀಟು ಕೈಗೆ ಬಂದಾಗ ನನಗೆ ಅದರೊಳಗೆ ಕಲಬೆರಕೆ ಕಂಡಿತೇ ಹೊರತು ಮಸಾಲೆ ಖಾರ ಕಾಣಲಿಲ್ಲ.

ಕೆಲವು ದಿನ ಕಳೆದ ಮೇಲೆ ಅಕ್ಕ ಬಂದಳು. ಕೈಯಲ್ಲೊಂದು ಗಂಟು, ತಲೆಯ ಮೇಲೊಂದು ಚೀಲ.

"ಏನಕ್ಕಾ ಇದೆಲ್ಲಾ?"

"ಖಾರಬೇ. ನಿಮ್ಮ ದೊಡ್ಡ ಅಂಗಡ್ಯಾವ್ರು ವಾಪಸ್ ಕೊಟ್ಟ್ರು."

ಅವಳು ಮೊದಲೇ ಫೋನಿನಲ್ಲಿ ಹೇಳಿದ್ದಳು, ಬಾಗಲಕೋಟೆಯ ಒಂದು ಅಂಗಡಿಗೆ ಖಾರ ಕೊಡುತ್ತಿದ್ದೇವೆ ಅಂತ. ಯಾವುದೋ ಸಣ್ಣ ಕಿರಾಣಿ ಅಂಗಡಿ ಇರಬೇಕು ಎಂದುಕೊಂಡು ನಾನು ಧಾರಾವಾಹಿ ನೋಡುತ್ತ ಹೂಂ ಅಂದಿದ್ದೆ. ಅವಳು ಗಂಟು ಬಿಚ್ಚಿ ಒಂದು ಪಾಕೀಟು ತೆಗೆದಳು.

"ಪಾಕೀಟು ಅವರು ಕೊಡ್ತಾರ, ನಾವು ಕುಟ್ಟಿ ತುಂಬತೇವಿ. ನಾನು, ನಮ್ಮ ಓಣ್ಯಾಗಿನ ಹನಮವ್ವ, ಶಂಕ್ರವ್ವ. ಇಲ್ಲಿ ಕೆಳಗ ಸಣ್ಣಕ್ಷರದಾಗ ಕಮತಗಿ ಅಂತ ಇಂಗ್ಲೀಷಿನ್ಯಾಗ ಬರದಾರಂತ. ಹನಮವ್ವನ ಮಗಳು ಓದಿ ಹೇಳಿದ್ಲು."

"ಮತ್ತ ಯಾಕ ವಾಪಸ್ ಕೊಟ್ಟ್ರು?" ಕಾರಣ ಗೊತ್ತಿದ್ದೂ ಕೇಳಿದೆ.

"ಯಾವಾಕಿನೋ ಪುಣ್ಯಾತ್ಗಿತ್ತಿ ಗಿಲಾಸಿನ್ಯಾಗ ಹಾಕಿ ವಿಡಿಯೋ ಮಾಡ್ಯಾಳಲ್ಲ. ಇಟ್ಟಂಗಿ ಪುಡಿ ಅಂದಾಳ."

"ನೋಡಿದೇನು ನೀ?"

"ನೋಡಿದ್ನಿ."

ಚಹಾ ಕೊಟ್ಟೆ. ಕಪ್ಪು ತೆಗೆದುಕೊಳ್ಳುವಾಗ ಅವಳು ನನ್ನ ಕೈಯನ್ನೂ ಹಿಡಿದುಕೊಂಡಳು. ಕಿರುಬೆರಳನ್ನು ಮೆಲ್ಲಗೆ ತಿಕ್ಕಿದಳು. "ಇದು ಇನ್ನ ನೋಯ್ತೈತೇನ?"

"ಇಲ್ಲಕ್ಕಾ."

"ಆ ಗಿಲಾಸು ಹಿಡಿದಾಕಿ ನಿಮ್ಮ ಓಣ್ಯಾಕಿ ಅಂತಾರ. ಯಾರಂತ ನಿನಗೇನರ ಗೊತ್ತೈತೇನಬೇ?"

"ಗೊತ್ತಿಲ್ಲಕ್ಕಾ."

"ಹೋಗ್ಲಿ ಬಿಡು" ಎಂದು ಅಕ್ಕ ಚಹಾ ಕುಡಿದಳು. ಊಟಕ್ಕೆ ಏಳು ಅಂದರೆ, ಬಸ್ಸು ತಪ್ಪುತ್ತದೆ ಎಂದು ಹೊರಟೇಹೋದಳು. ಹೋಗುವಾಗ ಒಂದು ಪಾಕೀಟು ಬಿಟ್ಟುಹೋದಳು.

ಅವಳು ಹೋದ ಮೇಲೆ ನಾನು ಮೂರು ಗಿಲಾಸು ಇಟ್ಟೆ. ಒಂದಕ್ಕೆ ಆ ಪಾಕೀಟಿನ ಖಾರ, ಇನ್ನೊಂದಕ್ಕೆ ಆ ವರ್ಷ ಅವಳೇ ನನಗೆಂದು ಡಬ್ಬಿಯಲ್ಲಿ ಕಳಿಸಿದ್ದ ಖಾರ, ಮತ್ತೊಂದಕ್ಕೆ ನನ್ನ ಕಂಪನಿಯ ಮೆಣಸಿನಪುಡಿ. ಮೊದಲಿನ ಎರಡೂ ಒಂದೇ ಥರ ಇಳಿದವು, ಒಂದೇ ಥರ ಕೆಂಪಾದವು. ಕಂಪನಿಯದು ಮೇಲೆ ತೇಲಿತು. ಮೂರನ್ನೂ ಬಚ್ಚಲಿಗೆ ಚೆಲ್ಲಿದೆ.

ಅಲ್ಲಿಂದ ಮುಂದೆ ನನ್ನ ಅನುಮಾನ ಪಾಕೀಟು ಬಿಟ್ಟು ಅಕ್ಕನ ಮೇಲೆ ಬಂತು. ಅವಳಿಗೆ ಗೊತ್ತಿದೆಯೇ, ಇಲ್ಲವೇ? ಗೊತ್ತಿಲ್ಲದಿದ್ದರೆ ಬೆರಳು ಯಾಕೆ ತಿಕ್ಕಿದಳು? ಗೊತ್ತಿದ್ದರೆ ಯಾಕೆ ಬೈಯಲಿಲ್ಲ? ಫೋನಿನಲ್ಲಿ "ಆರಾಮಿದ್ದೀ ಏನ?" ಅಂದರೂ ಆ 'ಆರಾಮ' ಎಂಬ ಮಾತನ್ನು ಅಲ್ಲಾಡಿಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಪಂಚಮಿಗೆ ಉಂಡಿ ಕಳಿಸಿದಳು; ಇಷ್ಟು ತುಪ್ಪ ಯಾಕೆ ಹಾಕಿದ್ದಾಳೆ ಎಂದು ಅನುಮಾನ. ಮರುವರ್ಷ ಎಂದಿನಂತೆ ಖಾರದ ಡಬ್ಬಿ ಕಳಿಸಿದಳು. ಅದು ಪ್ರೀತಿಯೋ, ಮಾತಿಲ್ಲದ ಬೈಗುಳವೋ ತಿಳಿಯದೆ ಅರ್ಧ ಡಬ್ಬಿ ಹಾಗೇ ಉಳಿಯಿತು.

ಈ ವರ್ಷದ ಡಬ್ಬಿಯ ವಾಸನೆಗೆ ಮಾತ್ರ ತಡೆದುಕೊಳ್ಳಲಾಗಲಿಲ್ಲ. ಟೀಚರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು, "ನನಗ ಹೇಳಿದ್ರಿ, ಛಲೋ ಆತು. ನಿಮ್ಮಕ್ಕಗ ಹೇಳೀರೇನ್ರಿ?" ಎಂದರು. ನಿನ್ನೆ ಬೆಳಿಗ್ಗೆ ಕಮತಗಿಯ ಬಸ್ಸು ಹತ್ತಿದೆ.

ಅಕ್ಕನ ಹಿತ್ತಲಲ್ಲಿ ಮೂವರೂ ಕೆಲಸಕ್ಕೆ ಕೂತಿದ್ದರು. ಶಂಕ್ರವ್ವ ಕೊಬ್ಬರಿ ಹೆರೆಯುತ್ತಿದ್ದಳು, ಹನಮವ್ವ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ದೊಡ್ಡ ಅಂಗಡಿ ಕೈಬಿಟ್ಟ ಮೇಲೆ ಅವರು ಇಳಕಲ್ಲಿನ ಸಂತೆಯಲ್ಲಿ ನೆಲಕ್ಕೆ ಕೂತು, ಬಿಸಿಲಲ್ಲಿ, ಲೂಜು ಮಾರುತ್ತಾರೆ.

ಹನಮವ್ವ ನನ್ನನ್ನು ಕಂಡವಳೇ, "ಬರ್ರಿ ಬರ್ರಿ, ಬಾಗಲಕೋಟ್ಯಾವ್ರು! ನಿಮ್ಮೂರಾಗ ಆಕಿ ಸಿಕ್ಕಳೇನ್ರಿ, ನಾವು ಹೆಸರಿಟ್ಟ ಗಿಲಾಸಿನ ಗಂಗವ್ವ? ಸಿಕ್ಕರ ಹೇಳ್ರಿ, ಆಕಿ ತಲಿ ಮ್ಯಾಲ ಒಂದು ಕೊಡ ನೀರು ಹಾಕಿ ನೋಡೂಣು, ತೇಲ್ತಾಳೋ ಮುಳುಗ್ತಾಳೋ" ಎಂದಳು.

ಶಂಕ್ರವ್ವ ನಕ್ಕಳು. "ಬಾಯಿ ಸಾಕು, ಕೈ ನಡಸ್ರಿ" ಎಂದು ಅಕ್ಕ ಗದರಿದಳು. ನನಗೆ ಒಲೆಯ ಮುಂದೆ ಮಣೆ ಕೊಟ್ಟು, ಕೊತ್ತಂಬರಿ ಕಾಳಿನ ಬುಟ್ಟಿಯಿಂದ ಒಂದು ಬೊಗಸೆ ಬಾಣಲೆಗೆ ಸುರಿದು, ಸವಟು ಕೈಗಿಟ್ಟಳು.

ಕಾಳು ಚಟಪಟ ಅನ್ನುವ ಸಪ್ಪಳದ ಮರೆಯಲ್ಲಿ ನಾನು ಬಾಯಿ ತೆಗೆದೆ. "ಅಕ್ಕಾ, ಆ ವಿಡಿಯೋದಾಗ..."

"ಕಾಳು ಹೊತ್ತತಾವು, ಕೈಯಾಡಸು" ಎಂದಳು ಅಕ್ಕ. ಆಮೇಲೆ ನನ್ನ ಕಿವಿಗಷ್ಟೇ ಕೇಳುವಂತೆ, "ನನಗ ಅವತ್ತ ಗೊತ್ತಾಗೇತಿ. ಆ ಬೆರಳು ಮುರಿದಾಕಿನ ನಾನು, ನನಗ ಗುರ್ತು ಹತ್ತೂದಿಲ್ಲೇನ? ಇವರಿಗೆ ಗೊತ್ತಿಲ್ಲ, ಗೊತ್ತಾಗೂದೂ ಬ್ಯಾಡ. ಸುಮ್ಮನ ಹುರಿ" ಎಂದಳು.

ಎರಡು ಬೇಸಿಗೆ ಅವಳು ನನ್ನನ್ನು ಹೀಗೆ ಮುಚ್ಚಿಟ್ಟುಕೊಂಡು ಬಂದಿದ್ದಳು. ಇವರ ಬೈಗುಳವನ್ನು ಪ್ರತಿದಿನ ಕೇಳಿಕೊಂಡು, ಯಾವಾಕಿನೋ ಏನೋ ಎಂದು ತಾನೂ ಅನ್ನುತ್ತ. ಸುಮ್ಮನೆ ಹುರಿದು, ಊಟ ಮಾಡಿ, ಸಂಜೆಯ ಬಸ್ಸಿಗೆ ಬಂದುಬಿಡಬಹುದಿತ್ತು. ಬಾಣಲೆ ಕೆಳಗಿಳಿಸಿ ಎದ್ದು ನಿಂತೆ. ಸೊಟ್ಟ ಬೆರಳಿನ ಕೈ ಮುಂದೆ ಮಾಡಿದೆ. ದನಿ ಹಿತ್ತಲಿಗೆಲ್ಲ ಕೇಳುವಷ್ಟು ಜೋರಾಗಿಯೇ ಬಂತು:

"ಹನಮವ್ವಾ, ಶಂಕ್ರವ್ವಾ, ಗಿಲಾಸಿನ ಗಂಗವ್ವ ನಾನ. ಆ ಕೈ ನಂದ. ನಿಮ್ಮ ಖಾರದಾಗ ಇಟ್ಟಂಗಿ ಇರಲಿಲ್ಲ, ನನ್ನ ಕಣ್ಣಾಗ ಇತ್ತು. ನಾಳೆ ಆ ಅಂಗಡ್ಯಾಗ ನಿಂತು ಇದನ್ನ ಹೇಳ್ತೇನಿ. ಅಕ್ಕಾ, ನೀ ನನ್ನ ಕೈ ಒಂದ ನೋಟಕ್ಕ ಗುರ್ತು ಹಿಡದಿ. ನಿನ್ನ ಕೈ ನನ್ನ ನಾಲಿಗಿ ಮ್ಯಾಲಿದ್ರೂ ನಾ ಗುರ್ತು ಹಿಡೀಲಿಲ್ಲ, ಉಗುಳಿದ್ನಿ. ತಪ್ಪಾತಕ್ಕಾ. ಭಾಳ ತಪ್ಪಾತು."